ಆಕಾಶದ ಪಾಲು: ರಿಮೋಟ್ ವಿಮಾನದ ಫ್ರೀಕ್ವೆನ್ಸಿ ಬದಲಿಸುವ ಮುನ್ನ

ಹೊರದೇಶದಲ್ಲಿರುವ ವೈದ್ಯನಿಗೆ ಊರಿನ ಬಂಧುಗಳಿಂದ ಬರುವ ಪ್ರಶ್ನೆಗಳು ಬಹುಪಾಲು ಎರಡೇ ಬಗೆಯವು. ಒಂದು ಸಕ್ಕರೆ ಕಾಯಿಲೆಯ ಮಾತ್ರೆಗಳದ್ದು, ಇನ್ನೊಂದು ಮಕ್ಕಳ ವೀಸಾದ್ದು. ಇಂಡಿಯಾನಾ ರಾಜ್ಯದ ಸಣ್ಣ ಊರಿನಲ್ಲಿ ವೃತ್ತಿ ನಡೆಸುತ್ತಿರುವ ನಾನು ಭಾನುವಾರಗಳಲ್ಲಿ ರಿಮೋಟ್ ಕಂಟ್ರೋಲ್ ವಿಮಾನಗಳನ್ನು ಹಾರಿಸುತ್ತೇನೆಂಬ ಸುದ್ದಿ ಬಂಧುವರ್ಗದಲ್ಲಿ ಹಬ್ಬಿದ ಮೇಲೆ ಮೂರನೆಯ ಬಗೆಯೊಂದು ಸೇರಿಕೊಂಡಿದೆ. "ಬರುವಾಗ ಹುಡುಗನಿಗೆ ಅಂಥದ್ದೊಂದು ತರುತ್ತೀರಾ?", "ಅಲ್ಲಿಯ ರಿಮೋಟು ಇಲ್ಲಿ ನಡೆಯುತ್ತದೆಯೇ?", "ನಡೆಯದಿದ್ದರೆ ಫ್ರೀಕ್ವೆನ್ಸಿ ಬದಲಿಸಿಕೊಂಡರಾಯಿತಲ್ಲವೇ?" ಮೊದಲೆರಡಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದು. ಮೂರನೆಯದಕ್ಕೆ ಈ ಅಂಕಣದಷ್ಟು ಜಾಗ ಬೇಕು. ಏಕೆಂದರೆ ಅದು ಯಂತ್ರದ ಪ್ರಶ್ನೆಯಂತೆ ಕಂಡರೂ ನಿಜದಲ್ಲಿ ಕಾನೂನಿನ ಪ್ರಶ್ನೆ. ಹೊಸ ದೇಶಕ್ಕೆ ಬಂದವನು ಅಲ್ಲಿಯ ಕಾನೂನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬ ಪ್ರಶ್ನೆಯೂ ಹೌದು.

ಫ್ರೀಕ್ವೆನ್ಸಿ ಅಂದರೆ ಕಂಪನಾಂಕ. ಆಕಾಶವಾಣಿ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ರೇಡಿಯೊದ ಮುಳ್ಳು ಸ್ವಲ್ಪ ಸರಿದರೆ ಎರಡು ನಿಲಯಗಳು ಒಂದರ ಮೇಲೊಂದು ಬಿದ್ದು ಎರಡೂ ಕೇಳದಂತಾಗುತ್ತಿದ್ದುದು ನೆನಪಿರಬಹುದು. ಅಲ್ಲಿ ಹಾಳಾಗುತ್ತಿದ್ದುದು ಒಂದು ಹಾಡು ಮಾತ್ರ. ಆದರೆ ನಾಲ್ಕು ಕಿಲೋ ತೂಕದ ವಿಮಾನವೊಂದು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಾರುತ್ತಿರುವಾಗ ಮೈದಾನದ ಇನ್ನೊಬ್ಬರು ಅದೇ ಫ್ರೀಕ್ವೆನ್ಸಿಯ ಟ್ರಾನ್ಸ್‌ಮಿಟರನ್ನು ಚಾಲೂ ಮಾಡಿದರೆ, ವಿಮಾನದೊಳಗಿನ ರಿಸೀವರ್‌ಗೆ ಯಾರ ಆಜ್ಞೆಯನ್ನು ಪಾಲಿಸಬೇಕೆಂಬುದು ತಿಳಿಯದು. ಆ ಬಳಿಕ ವಿಮಾನ ಎಲ್ಲಿ ಬೀಳುತ್ತದೆಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಹಿರಿಯರು, ಅವರ ಸುತ್ತ ಓಡಾಡುವ ಮಕ್ಕಳು, ಇವರೆಲ್ಲ ಅದರ ದಾರಿಯಲ್ಲಿರುತ್ತಾರೆ. ಫ್ರೀಕ್ವೆನ್ಸಿಯ ನಿಯಮಗಳು ಹುಟ್ಟಿರುವುದು ಈ ಭಯದಿಂದ.

ಪಾಲು ಹಂಚಿದ ಬಗೆ

ಅಮೆರಿಕದಲ್ಲಿ ರೇಡಿಯೊ ಅಲೆಗಳನ್ನು ಹಂಚುವ ಅಧಿಕಾರ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿಯದು. ಹವ್ಯಾಸಿಗಳ ರಿಮೋಟ್ ಕಂಟ್ರೋಲಿಗೆಂದೇ ಅದು ಪ್ರತ್ಯೇಕ ಸೇವೆಯೊಂದನ್ನು ಇಟ್ಟಿದೆ. ಅದನ್ನು ಬಳಸಲು ವ್ಯಕ್ತಿಗೆ ಪರವಾನಗಿ ಬೇಡ. ಆದರೆ ಉಪಕರಣಕ್ಕೆ ಮಾನ್ಯತೆ ಬೇಕು. ಹೊಸಬರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ವಿಚಾರ ಇದೇ.

ಈ ಸೇವೆಯಲ್ಲಿ 72 ಮೆಗಾಹರ್ಟ್ಸ್ ಬ್ಯಾಂಡಿನ ಐವತ್ತು ಚಾನೆಲ್‌ಗಳು ಹಾರುವ ಮಾದರಿಗಳಿಗೆ ಮಾತ್ರ ಮೀಸಲು. ಅವು 11ನೇ ಸಂಖ್ಯೆಯಿಂದ 60ರವರೆಗೆ, 72.010ರಿಂದ 72.990 ಮೆಗಾಹರ್ಟ್ಸ್‌ವರೆಗೆ, ತಲಾ 20 ಕಿಲೋಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತಿವೆ. 75 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 61ರಿಂದ 90ರವರೆಗಿನ ಮೂವತ್ತು ಚಾನೆಲ್‌ಗಳು ನೆಲದ ಮೇಲಿನ ಕಾರು ಹಾಗೂ ನೀರಿನ ಮೇಲಿನ ದೋಣಿಗಳಿಗೆ. ಕಾರಿನ ಚಾನೆಲ್ಲಿನಲ್ಲಿ ವಿಮಾನ ಹಾರಿಸುವಂತಿಲ್ಲ, ವಿಮಾನದ ಚಾನೆಲ್ಲಿನಲ್ಲಿ ಕಾರು ಓಡಿಸುವಂತಿಲ್ಲ. ಈ ಬ್ಯಾಂಡುಗಳಲ್ಲಿ ಟ್ರಾನ್ಸ್‌ಮಿಟರಿನ ಶಕ್ತಿ ಮುಕ್ಕಾಲು ವ್ಯಾಟನ್ನು ಮೀರಬಾರದು. ಇವಲ್ಲದೆ 27 ಮೆಗಾಹರ್ಟ್ಸ್‌ನಲ್ಲಿ ಆರು ಫ್ರೀಕ್ವೆನ್ಸಿಗಳು ಎಲ್ಲ ಬಗೆಯ ಮಾದರಿಗಳಿಗೂ ತೆರೆದಿವೆ. ಆಟಿಕೆ ಕಾರುಗಳು ಬಹುಕಾಲ ಓಡಿದ್ದು ಅಲ್ಲೇ.

ವೈದ್ಯನ ಕಣ್ಣಿಗೆ ಈ ನಕ್ಷೆಯಲ್ಲಿ ಪರಿಚಿತ ನೆರೆಯವರೇ ಕಾಣುತ್ತಾರೆ. ಫಿಸಿಯೋಥೆರಪಿಯಲ್ಲಿ ಸ್ನಾಯುಗಳಿಗೆ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ ಯಂತ್ರದ ಫ್ರೀಕ್ವೆನ್ಸಿ 27.12 ಮೆಗಾಹರ್ಟ್ಸ್, ಅಂದರೆ ಆಟಿಕೆ ಕಾರುಗಳ ನಟ್ಟನಡುವೆ. ಸಭಾಂಗಣಗಳಲ್ಲಿ, ಪ್ರಾರ್ಥನಾ ಮಂದಿರಗಳಲ್ಲಿ ಕಿವಿ ಮಂದವಾದವರಿಗೆ ಮಾತು ತಲುಪಿಸುವ ಶ್ರವಣ ಸಹಾಯಕ ಉಪಕರಣಗಳಿಗೂ 72ರಿಂದ 76 ಮೆಗಾಹರ್ಟ್ಸ್ ನಡುವೆ ಜಾಗ ಕೊಡಲಾಗಿದೆ. ಸರಿಯಾಗಿ 75 ಮೆಗಾಹರ್ಟ್ಸ್‌ನಲ್ಲಿ ನಿಜವಾದ ವಿಮಾನಗಳಿಗೆ ಇಳಿದಾಣದ ದೂರ ತಿಳಿಸುವ ಮಾರ್ಕರ್ ಬೀಕನ್‌ಗಳಿವೆ. ಈ ಸಾಲಿನಲ್ಲಿ ಹವ್ಯಾಸಿಗೆ ಸಿಕ್ಕಿರುವುದು ಓಣಿಮನೆಯ ಒಂದು ಕೋಣೆ. ಗೋಡೆಯನ್ನು ತುಸು ಅತ್ತ ಸರಿಸಿದರೂ ಪಕ್ಕದವನ ಮಂಚಕ್ಕೆ ತಗಲುತ್ತದೆ.

ಒಂದು ಹರಳಿನ ಕೆಲಸ

ಹಳೆಯ ಉಪಕರಣಗಳಲ್ಲಿ ಫ್ರೀಕ್ವೆನ್ಸಿಯನ್ನು ನಿರ್ಧರಿಸುವುದು ಕ್ವಾರ್ಟ್ಸ್ ಸ್ಫಟಿಕದ ಒಂದು ಸಣ್ಣ ಹರಳು. ಅದನ್ನು ಎಲ್ಲರೂ ಕ್ರಿಸ್ಟಲ್ ಎನ್ನುತ್ತಾರೆ. ಲೋಹದ ಕವಚದೊಳಗೆ ಕುಳಿತ ಅದು ಕಡಲೆಕಾಳಿಗಿಂತ ತುಸು ದೊಡ್ಡದು. ಟ್ರಾನ್ಸ್‌ಮಿಟರಿನಲ್ಲಿ ಒಂದು, ರಿಸೀವರಿನಲ್ಲಿ ಒಂದು. ಇವೆರಡೂ ಜೋಡಿಯಾದರೂ ಒಂದೇ ಅಲ್ಲ. ಸಾಮಾನ್ಯ ರಿಸೀವರಿನ ಕ್ರಿಸ್ಟಲ್ ಟ್ರಾನ್ಸ್‌ಮಿಟರಿನ ಫ್ರೀಕ್ವೆನ್ಸಿಗಿಂತ 455 ಕಿಲೋಹರ್ಟ್ಸ್ ಕೆಳಗೆ ಕಂಪಿಸುತ್ತದೆ. ಡ್ಯುಯಲ್ ಕನ್ವರ್ಷನ್ ಎಂಬ ಉತ್ತಮ ದರ್ಜೆಯ ರಿಸೀವರಿನಲ್ಲಿ ಈ ಅಂತರ 10.7 ಮೆಗಾಹರ್ಟ್ಸ್. ಹೀಗಾಗಿ ಒಂದರದ್ದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಕೆಲಸ ಮಾಡದು. ಒಂದು ಕಂಪನಿಯ ಕ್ರಿಸ್ಟಲ್ಲನ್ನು ಮತ್ತೊಂದರ ಉಪಕರಣಕ್ಕೆ ಹಾಕಿದರೆ ಕೆಲಸ ಮಾಡಿದಂತೆ ತೋರಿ, ವಿಮಾನ ದೂರ ಹೋದಾಗ ಕೈಕೊಡಬಹುದು. ಜೊತೆಗೆ 72 ಮೆಗಾಹರ್ಟ್ಸ್ ರಿಸೀವರುಗಳನ್ನು ಸಾಮಾನ್ಯವಾಗಿ 11ರಿಂದ 35, 36ರಿಂದ 60 ಎಂದು ಎರಡು ಭಾಗ ಮಾಡಿ ಶ್ರುತಿಗೊಳಿಸಿರುತ್ತಾರೆ. ಕೆಳ ಭಾಗದ ರಿಸೀವರಿಗೆ ಮೇಲಿನ ಚಾನೆಲ್ಲಿನ ಕ್ರಿಸ್ಟಲ್ ಹಾಕುವುದು ಶ್ರುತಿ ಸೇರದ ತಂಬೂರಿಯನ್ನು ಮೀಟಿದಂತೆ.

ಕಾನೂನು ಎರಡು ಕ್ರಿಸ್ಟಲ್‌ಗಳನ್ನು ಎರಡು ರೀತಿ ನೋಡುತ್ತದೆ. ರಿಸೀವರ್ ಕೇಳಿಸಿಕೊಳ್ಳುತ್ತದೆ ಅಷ್ಟೇ. ಅದರದ್ದನ್ನು ನಾವೇ ಬದಲಿಸಬಹುದು. ಟ್ರಾನ್ಸ್‌ಮಿಟರ್ ಮಾತನಾಡುತ್ತದೆ, ಅದು ತಪ್ಪಿ ಮಾತನಾಡಿದರೆ ಕೆಡುವುದು ಇತರರ ಕೆಲಸ. ಆದ್ದರಿಂದ ಅಮೆರಿಕದಲ್ಲಿ ವಿಮಾನದ ಟ್ರಾನ್ಸ್‌ಮಿಟರಿನ ಕ್ರಿಸ್ಟಲ್ ಬದಲಾವಣೆ ಬಳಕೆದಾರನ ಕೆಲಸವಲ್ಲವೆಂದು ಪರಿಗಣಿಸಲಾಗಿದೆ. ಕ್ರಿಸ್ಟಲ್ ಹೊಸದಾದೊಡನೆ ಅದರ ಹಿಂದಿನ ವಿದ್ಯುನ್ಮಂಡಲವನ್ನೂ ಮತ್ತೆ ಶ್ರುತಿ ಮಾಡಿ, ಅಲೆ ಪಕ್ಕದ ಚಾನೆಲ್ಲಿಗೆ ಚೆಲ್ಲುತ್ತಿಲ್ಲವೆಂದು ಉಪಕರಣದಲ್ಲಿ ಅಳೆದು ನೋಡಬೇಕು. ಅದನ್ನು ಅರ್ಹತೆಯ ಪ್ರಮಾಣಪತ್ರವುಳ್ಳ ತಂತ್ರಜ್ಞ, ಅಥವಾ ಅಂಥವರ ನೇರ ಮೇಲ್ವಿಚಾರಣೆಯಲ್ಲಿ ಇನ್ನೊಬ್ಬರು ಮಾಡಬೇಕು. ಅಳೆಯುವಾಗ ಅಲೆ ಹೊರಹೋಗದಂತೆ ಡಮ್ಮಿ ಆಂಟೆನಾ ಬಳಸಬೇಕು.

ನಿಯಮವೋ, ಅವಮಾನವೋ?

ಹಾಸನದ ಕಡೆಯ ಒಬ್ಬ ತರುಣ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಬಂದಿದ್ದ. ಇಲ್ಲಿ ಮನೆ ಖಾಲಿ ಮಾಡುವವರು ಅಂಗಳದಲ್ಲಿ ಸಾಮಾನು ಹರಡಿ ಮಾರುವ ಗ್ಯಾರೇಜ್ ಸೇಲಿನಲ್ಲಿ ಅವನಿಗೆ ಇಪ್ಪತ್ತು ಡಾಲರಿಗೆ ಒಂದು ತರಬೇತಿ ವಿಮಾನವೂ 72 ಮೆಗಾಹರ್ಟ್ಸ್‌ನ ಹಳೆಯ ಟ್ರಾನ್ಸ್‌ಮಿಟರೂ ಸಿಕ್ಕಿದವು. ಸಂಭ್ರಮದಿಂದ ಕ್ಲಬ್ಬಿಗೆ ಹೋದ. ಅಲ್ಲಿ ಆ ಚಾನೆಲ್ಲಿನಲ್ಲಿ ಆಗಲೇ ಒಬ್ಬ ಹಿರಿಯರು ಹಾರಿಸುತ್ತಿದ್ದರು. ಹಳೆಯ ಪದ್ಧತಿಯ ಕ್ಲಬ್ಬುಗಳಲ್ಲಿ ಒಂದು ಹಲಗೆಯಿರುತ್ತದೆ. ಚಾನೆಲ್ಲಿಗೊಂದರಂತೆ ಅದರಲ್ಲಿ ಪಿನ್ನುಗಳು. ಯಾರ ಬಳಿ ಪಿನ್ನಿದೆಯೋ ಅವರು ಮಾತ್ರ ಟ್ರಾನ್ಸ್‌ಮಿಟರ್ ಚಾಲೂ ಮಾಡಬೇಕು. ಉಳಿದವರವು ಬೇರೆ ಮೇಜಿನ ಮೇಲೆ ಬಾಯಿ ಮುಚ್ಚಿ ಕುಳಿತಿರಬೇಕು. ಅರ್ಧ ದಿನ ಕಾದು ಬೇಸತ್ತ ಹುಡುಗ, "ಬೇರೆ ಚಾನೆಲ್ಲಿನ ಕ್ರಿಸ್ಟಲ್ ತರಿಸಿ ಹಾಕಿಕೊಳ್ಳುತ್ತೇನೆ" ಎಂದ. ಸುರಕ್ಷತೆಯ ಹೊಣೆ ಹೊತ್ತ ನಿವೃತ್ತ ಮೆಕ್ಯಾನಿಕ್ ಒಬ್ಬರು, "ಹಾಕಿದವರ ಕಾಗದ ತಾ, ಅಲ್ಲಿಯವರೆಗೆ ಇದನ್ನು ಇಲ್ಲಿ ಚಾಲೂ ಮಾಡುವಂತಿಲ್ಲ" ಎಂದು ಖಂಡತುಂಡವಾಗಿ ಹೇಳಿ ಕಳುಹಿಸಿದರು.

ಅಂದು ಸಂಜೆ ನನ್ನ ಮನೆಗೆ ಬಂದ ಅವನ ಮುಖ ಬಾಡಿತ್ತು. "ಸರ್, ನಮ್ಮನ್ನ ಕಂಡ್ರೆ ಅವ್ರಿಗೆ ಆಗಲ್ಲ. ಬೇರೆಯವರನ್ನ ಹೀಗೆ ಕೇಳ್ತಾರಾ?" ಎಂದ.

"ನನ್ನನ್ನೂ ಕೇಳಿದ್ದರು ಕಣಪ್ಪ. ಅವರ ಸ್ವಂತ ಅಳಿಯನನ್ನೂ ಕೇಳಿದ್ದನ್ನು ನಾನೇ ನೋಡಿದ್ದೇನೆ" ಎಂದೆ.

ಈ ಮಾತನ್ನು ವಲಸೆ ಬರಲು ಸಿದ್ಧರಾಗುತ್ತಿರುವವರಿಗಾಗಿ ವಿಸ್ತರಿಸಬೇಕು. ಬಣ್ಣ ನೋಡಿ, ಉಚ್ಚಾರಣೆ ಕೇಳಿ ಕೀಳಾಗಿ ಕಾಣುವವರು ಇಲ್ಲಿ ಇಲ್ಲವೆಂದು ನಾನು ಹೇಳಲಾರೆ. ಅಂಥವರು ಎದುರಾದಾಗ ಬಾಯಿ ಮುಚ್ಚಿಕೊಂಡಿರಬೇಕೆಂದೂ ಹೇಳಲಾರೆ. ಆದರೆ ನಿಯಮವನ್ನು ಅವಮಾನವೆಂದು ಭಾವಿಸಿದರೆ ನಷ್ಟ ನಮ್ಮದೇ. ಇವೆರಡನ್ನು ಬೇರ್ಪಡಿಸುವ ದಾರಿಯೊಂದೇ: ನಿಯಮವೇನು ಎಂಬುದನ್ನು ಓದಿ ತಿಳಿಯುವುದು. ಆ ರಾತ್ರಿ ನಾವಿಬ್ಬರೂ ಎಫ್‌ಸಿಸಿಯ ನಿಯಮಗಳನ್ನು ತೆರೆದು ಕುಳಿತೆವು. ಮೆಕ್ಯಾನಿಕ್ ಹೇಳಿದ ಮಾತಿನ ಆಧಾರ ಅಲ್ಲಿತ್ತು. ಹುಡುಗನ ಮುಖದಿಂದ ನೋವು ಇಳಿದು, ಎಂಜಿನಿಯರನ ಕುತೂಹಲ ಮೂಡಿತು. "ಹಾಗಾದ್ರೆ ಸರಿಯಾದ ದಾರಿ ಯಾವುದು ಸರ್?" ಎಂದ.

ಆಸ್ಪತ್ರೆಯಲ್ಲಿ ನಡೆದ ಪಾಠ

ದಾರಿಗಳನ್ನು ಹೇಳುವ ಮುನ್ನ, "ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಬಿಗಿಯೇಕೆ?" ಎನ್ನುವವರಿಗೆ ನನ್ನ ವೃತ್ತಿಯ ಕಡೆಯಿಂದ ಒಂದು ದೃಷ್ಟಾಂತ. 1998ರ ಫೆಬ್ರುವರಿಯಲ್ಲಿ ಡಲ್ಲಾಸ್ ನಗರದ ಟಿ.ವಿ. ಕೇಂದ್ರವೊಂದು ತನಗೆ ಹಂಚಿಕೆಯಾಗಿದ್ದ ಚಾನೆಲ್ಲಿನಲ್ಲಿ ಡಿಜಿಟಲ್ ಪ್ರಸಾರದ ಪರೀಕ್ಷೆ ಆರಂಭಿಸಿತು. ಅದೇ ವೇಳೆಗೆ ಬೇಲರ್ ವಿಶ್ವವಿದ್ಯಾಲಯ ವೈದ್ಯಕೀಯ ಕೇಂದ್ರದಲ್ಲಿ ಹೃದ್ರೋಗಿಗಳ ಎದೆಬಡಿತವನ್ನು ತಂತಿಯಿಲ್ಲದೆ ದಾದಿಯರ ಕೊಠಡಿಗೆ ತಲುಪಿಸುತ್ತಿದ್ದ ಮಾನಿಟರುಗಳು ಕೈಕೊಟ್ಟವು. ಎರಡೂ ಬಳಸುತ್ತಿದ್ದುದು ಒಂದೇ ಜಾಗವನ್ನು. ಅದೃಷ್ಟವಶಾತ್ ರೋಗಿಗಳಿಗೆ ಅಪಾಯವಾಗಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಕಾನೂನು ಮುರಿದವರು ಯಾರೂ ಇರಲಿಲ್ಲ. ಟಿ.ವಿ. ಕೇಂದ್ರ ತನ್ನ ಹಕ್ಕಿನ ಜಾಗದಲ್ಲಿತ್ತು; ಖಾಲಿಯಿದ್ದ ಟಿ.ವಿ. ಚಾನೆಲ್ಲುಗಳಲ್ಲಿ ಆಸ್ಪತ್ರೆಯ ಉಪಕರಣಗಳು ಎರಡನೆಯ ದರ್ಜೆಯ ಬಳಕೆದಾರರಾಗಿದ್ದವು. ಈ ಘಟನೆಯ ಬಳಿಕ, 2000ನೇ ಇಸವಿಯಲ್ಲಿ, ಎಫ್‌ಸಿಸಿ ವೈದ್ಯಕೀಯ ಟೆಲಿಮೆಟ್ರಿಗೆಂದೇ 608ರಿಂದ 614 ಮೆಗಾಹರ್ಟ್ಸ್ ಬ್ಯಾಂಡನ್ನೂ 1400 ಮೆಗಾಹರ್ಟ್ಸ್ ಆಸುಪಾಸಿನ ಇನ್ನೆರಡು ಬ್ಯಾಂಡುಗಳನ್ನೂ ಕೊಟ್ಟಿತು. ಕಾನೂನಿನೊಳಗೇ ಇರುವವರ ನಡುವೆ ಇಂಥ ಡಿಕ್ಕಿ ನಡೆಯಬಹುದಾದರೆ, ಯಾರ ಲೆಕ್ಕಕ್ಕೂ ಸಿಗದಂತೆ ಫ್ರೀಕ್ವೆನ್ಸಿ ಬದಲಿಸಿದ ಒಂದು ಡಬ್ಬಿ ಏನು ಮಾಡಬಲ್ಲದೆಂದು ಊಹಿಸಬಹುದು. ಅಲೆ ಕಣ್ಣಿಗೆ ಕಾಣುವುದಿಲ್ಲ. ತಗಲಿದ ಮೇಲೂ ಯಾರದ್ದೆಂದು ತಿಳಿಯುವುದಿಲ್ಲ.

ಸರಿಯಾದ ದಾರಿಗಳು

ಮೊದಲನೆಯದು, ಟ್ರಾನ್ಸ್‌ಮಿಟರನ್ನು ತಯಾರಕರ ಸೇವಾ ಕೇಂದ್ರಕ್ಕೋ ಅರ್ಹ ತಂತ್ರಜ್ಞರಿಗೋ ಕಳುಹಿಸಿ ಚಾನೆಲ್ ಬದಲಿಸಿಕೊಳ್ಳುವುದು. ಅವರು ಕೊಡುವ ಕಾಗದವನ್ನು ಜೋಪಾನವಾಗಿಡಬೇಕು. ಆದರೆ ಅಗಲವಾದ ಬ್ಯಾಂಡನ್ನು ಆಕ್ರಮಿಸುವ ತೀರ ಹಳೆಯ ಟ್ರಾನ್ಸ್‌ಮಿಟರುಗಳು ಇಂದಿನ 20 ಕಿಲೋಹರ್ಟ್ಸ್ ಅಂತರಕ್ಕೆ ಹೊಂದುವುದಿಲ್ಲ. ಅವುಗಳಿಗೆ ಗೋಡೆಯ ಮೇಲಿನ ಅಲಂಕಾರವೇ ಸದ್ಗತಿ.

ಎರಡನೆಯದು, ಟ್ರಾನ್ಸ್‌ಮಿಟರಿನ ಬೆನ್ನಿಗೆ ಸಿಕ್ಕಿಸುವ ಮಾಡ್ಯೂಲ್ ಬದಲಿಸುವುದು. ಮಾಡ್ಯೂಲಿನಲ್ಲಿ ಕ್ರಿಸ್ಟಲ್ ಮಾತ್ರವಲ್ಲ, ಫ್ರೀಕ್ವೆನ್ಸಿ ನಿರ್ಧರಿಸುವ ಇಡೀ ಮಂಡಲವೇ ಇರುತ್ತದೆ. ಟ್ರಾನ್ಸ್‌ಮಿಟರಿನೊಂದಿಗೆ ಅದಕ್ಕೂ ಮಾನ್ಯತೆ ಸಿಕ್ಕಿರುತ್ತದೆ. ಆದ್ದರಿಂದ ಬಳಕೆದಾರನೇ ಅದನ್ನು ಬದಲಿಸಬಹುದು. ಗುಂಡಿ ತಿರುಗಿಸಿ ಚಾನೆಲ್ ಆರಿಸುವ ಸಿಂಥಸೈಜರ್ ಮಾಡ್ಯೂಲುಗಳೂ ಇದೇ ಬಗೆಯವು.

ಮೂರನೆಯದು ಇಂದು ಬಹುತೇಕರು ಹಿಡಿದಿರುವ ದಾರಿ: 2.4 ಗಿಗಾಹರ್ಟ್ಸ್. ಇಲ್ಲಿ ಮನುಷ್ಯ ಚಾನೆಲ್ ಆರಿಸುವುದೇ ಇಲ್ಲ. ಟ್ರಾನ್ಸ್‌ಮಿಟರೂ ರಿಸೀವರೂ ಮೊದಲೇ ಪರಸ್ಪರ ಗುರುತು ಹೇಳಿಕೊಂಡಿರುತ್ತವೆ. ಆಮೇಲೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ ಒಪ್ಪಿಕೊಂಡ ಕ್ರಮದಲ್ಲಿ ಜೊತೆಜೊತೆಯಾಗಿ ಜಿಗಿಯುತ್ತ ಹೋಗುತ್ತವೆ. ಹೀಗೆ ಜಿಗಿಯುವ ಉಪಾಯಕ್ಕೆ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲಿ ಪೇಟೆಂಟ್ ಪಡೆದಿದ್ದರೆಂಬುದು ಸ್ವಾರಸ್ಯದ ಸಂಗತಿ. ಪಿನ್ನಿನ ಹಲಗೆ, ಕಾಯುವ ಸಾಲು ಎರಡೂ ಇಲ್ಲಿ ಬೇಕಿಲ್ಲ. ಆದರೆ ಈ ಸ್ವಾತಂತ್ರ್ಯಕ್ಕೂ ಕಟ್ಟಳೆಯುಂಟು. ಹೊರಗಿನಿಂದ ಶಕ್ತಿವರ್ಧಕ ಜೋಡಿಸುವುದು, ಮಾನ್ಯತೆಯಿಲ್ಲದ ಆಂಟೆನಾ ಸಿಕ್ಕಿಸುವುದು ಸಲ್ಲದು. ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಅಮೆರಿಕ, ಯುರೋಪ್ ಎಂದು ಪ್ರದೇಶ ಕೇಳುವ ಜಾಗವಿದ್ದರೆ, ನಾವು ನಿಂತ ನೆಲದ ಹೆಸರನ್ನೇ ಆರಿಸಬೇಕು. ಯುರೋಪಿನಲ್ಲಿ ಮಾತನಾಡುವ ಮುನ್ನ ಕಿವಿಗೊಟ್ಟು ಕೇಳಬೇಕೆಂಬ ಬೇರೆಯೇ ಕ್ರಮವಿದೆ. ಅಂದು ಸ್ಕ್ರೂಡ್ರೈವರ್ ಹಿಡಿದು ಮಾಡುತ್ತಿದ್ದ ತಪ್ಪನ್ನು ಇಂದು ಬೆರಳ ತುದಿಯಲ್ಲೇ ಮಾಡಬಹುದು. ಕಾನೂನಿಗೆ ಎರಡೂ ಒಂದೇ.

ನಮ್ಮ ಹಾಸನದ ಹುಡುಗ ಹಿಡಿದದ್ದು ಈ ದಾರಿಯನ್ನೇ. ಹಳೆಯ ಟ್ರಾನ್ಸ್‌ಮಿಟರಿನ ಚಾನೆಲ್ ಬದಲಿಸಲು ತಗಲುವ ವೆಚ್ಚ ಅದನ್ನು ಕೊಂಡ ಬೆಲೆಗಿಂತ ಹೆಚ್ಚಾಗುತ್ತಿತ್ತು. 2.4 ಗಿಗಾಹರ್ಟ್ಸ್‌ನ ಹೊಸ ಜೋಡಿ ಕೊಂಡು, ವಿಮಾನದ ಉಳಿದ ಭಾಗಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡ. ಮುಂದಿನ ತಿಂಗಳು ಅವನಿಗೆ ವಿಮಾನ ಇಳಿಸುವುದನ್ನು ಪಕ್ಕದಲ್ಲಿ ನಿಂತು ಕಲಿಸಿದವರು ಅದೇ ಮೆಕ್ಯಾನಿಕ್.

ಗಡಿ ದಾಟುವ ಪೆಟ್ಟಿಗೆ

ಈಗ ಬಂಧುಗಳ ಸೂಟ್‌ಕೇಸಿನ ವಿಚಾರ. ಒಂದೇ ಕಂಪನಿಯ ಹಳೆಯ ವಿಮಾನದ ಸೆಟ್ಟು ಅಮೆರಿಕದಲ್ಲಿ 72, ಬ್ರಿಟನ್ನಿನಲ್ಲಿ 35, ಆಸ್ಟ್ರೇಲಿಯಾದಲ್ಲಿ 36 ಮೆಗಾಹರ್ಟ್ಸ್ ಮೇಲೆ ನಡೆಯುತ್ತಿತ್ತು. ಒಂದು ದೇಶದಲ್ಲಿ ಮಾನ್ಯವಾದದ್ದು ಇನ್ನೊಂದರಲ್ಲಿ ಅಮಾನ್ಯ. 2.4 ಗಿಗಾಹರ್ಟ್ಸ್ ಬಂದ ಮೇಲೆ ಈ ತೊಡಕು ಬಹಳ ಮಟ್ಟಿಗೆ ಕಳೆಯಿತು. ಭಾರತದಲ್ಲೂ ಆ ಬ್ಯಾಂಡಿನ ಬಳಕೆಗೆ 2005ರಿಂದ ಪರವಾನಗಿ ಬೇಕಿಲ್ಲ, ಉಪಕರಣಕ್ಕೆ ಅನುಮೋದನೆ ಮಾತ್ರ ಬೇಕು.

ಆದರೆ ದೂರ ಹಾರಿಸುವವರು ಈಚೆಗೆ ಮೆಚ್ಚಿರುವ 915 ಮೆಗಾಹರ್ಟ್ಸ್ ಸೆಟ್ಟುಗಳ ಬಗ್ಗೆ ಎಚ್ಚರವಿರಲಿ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಅವುಗಳಿಗೆ ತೆರೆದಿದೆ. ಭಾರತದಲ್ಲಿ 890ರಿಂದ 915 ಮೆಗಾಹರ್ಟ್ಸ್ ಇರುವುದು ಮೊಬೈಲ್ ಫೋನುಗಳು ತಮ್ಮ ಗೋಪುರದೊಡನೆ ಮಾತನಾಡಲು. ಅಮೆರಿಕದ ಸೆಟ್ಟನ್ನು ಅರಸೀಕೆರೆಯ ಬಯಲಿನಲ್ಲಿ ಚಾಲೂ ಮಾಡಿದರೆ, ಆ ಹೊತ್ತಿಗೆ ಆಂಬುಲೆನ್ಸ್ ಕರೆಯುತ್ತಿರುವ ಯಾರದೋ ಫೋನಿನ ಜಾಗದಲ್ಲಿ ನಾವು ಕಾಲಿಟ್ಟಂತಾಗಬಹುದು. ಅದಕ್ಕೆ ಸಮೀಪದ ಉದ್ದೇಶಕ್ಕೆಂದು ಭಾರತ ತೆರೆದಿಟ್ಟಿರುವ ಬ್ಯಾಂಡು 865ರಿಂದ 868 ಮೆಗಾಹರ್ಟ್ಸ್. ಇದಲ್ಲದೆ, ಪೂರ್ಣರೂಪದ ಡ್ರೋನ್‌ಗಳ ಆಮದನ್ನು ಭಾರತ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದೆ. ವಿಮಾನ ನಿಲ್ದಾಣದ ಕಸ್ಟಮ್ಸ್ ಘೋಷಣೆಯಲ್ಲೂ ಡ್ರೋನಿನ ಉಲ್ಲೇಖವಿದೆ. ಆದ್ದರಿಂದ "ಬರುವಾಗ ಒಂದು ತನ್ನಿ" ಎನ್ನುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಹುಡುಗನಿಗೆ ಭಾರತದಲ್ಲೇ ಅನುಮೋದನೆ ಪಡೆದದ್ದನ್ನು ಕೊಡಿಸಿ. ದುಡ್ಡು ಬೇಕಾದರೆ ನಾನು ಕಳುಹಿಸುತ್ತೇನೆ.

ಅಮೆರಿಕಕ್ಕೆ ಬರುವವರೂ ಅಷ್ಟೇ. ಕಡಿಮೆ ಬೆಲೆಗೆ ತರಿಸಿಕೊಳ್ಳುವ, ಡ್ರೋನಿನ ಕ್ಯಾಮೆರಾ ಚಿತ್ರ ಕಳುಹಿಸುವ ಕೆಲವು ಟ್ರಾನ್ಸ್‌ಮಿಟರುಗಳಿಗೆ ಎಫ್‌ಸಿಸಿ ಮಾನ್ಯತೆ ಇರುವುದಿಲ್ಲ. ಅಂಥವನ್ನು ಮಾರಿದ ಸಂಸ್ಥೆಯೊಂದಕ್ಕೆ 2020ರಲ್ಲಿ ಎಫ್‌ಸಿಸಿ 28 ಲಕ್ಷ ಡಾಲರಿಗೂ ಮೀರಿದ ದಂಡ ವಿಧಿಸಿತು. ಉಪಕರಣವನ್ನು ತಿರುಗಿಸಿ ಹಿಂಬದಿಯ ಚೀಟಿಯಲ್ಲಿ ಎಫ್‌ಸಿಸಿ ಗುರುತಿನ ಸಂಖ್ಯೆ ಇದೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ವಿಮಾನಯಾನ ಇಲಾಖೆಯ ನಿಯಮಗಳು ಇದರಿಂದ ಬೇರೆ. 250 ಗ್ರಾಂ ಮೀರಿದ ಡ್ರೋನ್ ಅಥವಾ ಮಾದರಿ ವಿಮಾನಕ್ಕೆ ಅಲ್ಲಿ ನೋಂದಣಿ ಬೇಕು. ಮನರಂಜನೆಗೆ ಹಾರಿಸುವವರು ಟ್ರಸ್ಟ್ ಎಂಬ ಉಚಿತ ಪರೀಕ್ಷೆಯನ್ನೂ ಮುಗಿಸಿರಬೇಕು. ಒಂದು ಇಲಾಖೆಯ ಅನುಮತಿ ಇನ್ನೊಂದರದ್ದಾಗುವುದಿಲ್ಲ.

ಕರೆಸಂಕೇತದ ಹಕ್ಕು

ಫ್ರೀಕ್ವೆನ್ಸಿಯೊಡನೆ ನಿಜಕ್ಕೂ ಕೈಯಾಡಿಸಬೇಕು, ಬಿಚ್ಚಿ ಕಟ್ಟಿ ಕಲಿಯಬೇಕು ಎನ್ನುವವರಿಗೆ ಕಾನೂನು ನಾಲ್ಕನೆಯ ದಾರಿಯನ್ನು ತೆರೆದಿಟ್ಟಿದೆ. ಅದು ಹ್ಯಾಮ್ ರೇಡಿಯೊ ಪರವಾನಗಿ. ಮೊದಲ ಹಂತವಾದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆಗಳು; 26ಕ್ಕೆ ಸರಿಯುತ್ತರ ಕೊಟ್ಟರೆ ಉತ್ತೀರ್ಣ. ಪ್ರಶ್ನೆಗಳ ಇಡೀ ಭಂಡಾರ ಮೊದಲೇ ಪ್ರಕಟವಾಗಿರುತ್ತದೆ. ಮೋರ್ಸ್ ಸಂಕೇತದ ಪರೀಕ್ಷೆಯನ್ನು 2007ರಲ್ಲೇ ಕೈಬಿಡಲಾಗಿದೆ. ಎಫ್‌ಸಿಸಿಯ ಶುಲ್ಕ 35 ಡಾಲರ್, ಪರವಾನಗಿಯ ಅವಧಿ ಹತ್ತು ವರ್ಷ. ಇದಿದ್ದವರು 50 ಮತ್ತು 53 ಮೆಗಾಹರ್ಟ್ಸ್ ಆಸುಪಾಸಿನ ಹವ್ಯಾಸಿ ಚಾನೆಲ್ಲುಗಳಲ್ಲಿ ಒಂದು ವ್ಯಾಟ್‌ವರೆಗಿನ ಶಕ್ತಿಯಿಂದ ಮಾದರಿಗಳನ್ನು ನಡೆಸಬಹುದು. ಆ ಬ್ಯಾಂಡುಗಳಿಗೆಂದು ತಮ್ಮ ಟ್ರಾನ್ಸ್‌ಮಿಟರನ್ನು ತಾವೇ ಕಟ್ಟಬಹುದು, ಮಾರ್ಪಡಿಸಬಹುದು. ಪ್ರತಿ ಬಾರಿ ತಮ್ಮ ಗುರುತನ್ನು ಗಾಳಿಯಲ್ಲಿ ಸಾರಬೇಕಿಲ್ಲ. ಕರೆಸಂಕೇತ, ಹೆಸರು, ವಿಳಾಸ ಬರೆದ ಚೀಟಿಯನ್ನು ಟ್ರಾನ್ಸ್‌ಮಿಟರಿಗೆ ಅಂಟಿಸಿದ್ದರೆ ಸಾಕು. ಈ ಪರವಾನಗಿ ಹವ್ಯಾಸಿ ಬ್ಯಾಂಡುಗಳಿಗೆ ಮಾತ್ರ ಅನ್ವಯಿಸುತ್ತದೆ. ಅದರ ಬಲದಿಂದ 72 ಮೆಗಾಹರ್ಟ್ಸ್ ಉಪಕರಣವನ್ನು ಮಾರ್ಪಡಿಸಿ ಅದೇ ಬ್ಯಾಂಡಿನಲ್ಲಿ ಬಳಸುವಂತಿಲ್ಲ.

ಈ ಪರೀಕ್ಷೆಗೆ ಅಮೆರಿಕದ ಪೌರತ್ವ ಬೇಕಿಲ್ಲ. ಗ್ರೀನ್ ಕಾರ್ಡೂ ಬೇಕಿಲ್ಲ. ಪರದೇಶದ ಸರ್ಕಾರದ ಪ್ರತಿನಿಧಿಯಲ್ಲದ, ಅಮೆರಿಕದಲ್ಲಿ ಅಂಚೆ ವಿಳಾಸವುಳ್ಳ ಯಾರು ಬೇಕಾದರೂ ಬರೆಯಬಹುದು. ವಿದ್ಯಾರ್ಥಿ ವೀಸಾದವರೂ, ಎಚ್-1ಬಿ ಮೇಲೆ ವರ್ಷಗಟ್ಟಲೆ ಸಾಲಿನಲ್ಲಿ ನಿಂತವರೂ. ನಮ್ಮ ಹಾಸನದ ಹುಡುಗ ಎರಡನೆಯ ವರ್ಷದಲ್ಲಿ ಬರೆದು ತೇರ್ಗಡೆಯಾದ. ಕರೆಸಂಕೇತ ಬಂದ ದಿನ ಅದನ್ನು ಊರಿನಲ್ಲಿರುವ ತಂದೆಗೆ ಫೋನಿನಲ್ಲಿ ಓದಿ ಹೇಳಿದನಂತೆ. "ಅದರಿಂದ ಕೆಲಸ ಸಿಗ್ತದೇನಪ್ಪ?" ಎಂದು ಅವರು ಕೇಳಿದರಂತೆ. "ಇಲ್ಲಪ್ಪ. ಆದ್ರೆ ಈ ಹೆಸರು ಇಲ್ಲಿ ಇನ್ಯಾರಿಗೂ ಇಲ್ಲ" ಎಂದನಂತೆ ಇವನು.